ಎರಡು ಸಾಲಿನಲ್ಲಿ ಒಂದು ಮಾಡು

ಆಟೊಕ್ಯಾಡ್ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡಾಗ ಅದರ ಜೊತೆಗೆ ಒಂದು ಸಣ್ಣ ಪಠ್ಯ ಕಡತವೂ ಬಂದು ಕೂರುತ್ತದೆ. ‘ಪ್ಯಾಟ್’ ಎಂಬ ಬಾಲವಿರುವ ಈ ಕಡತವನ್ನು ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು. ಒಳಗೆ ಚಿತ್ರ ಒಂದೂ ಇಲ್ಲ, ಬರೀ ಅಂಕೆಗಳು. ಆದರೆ ಜಗತ್ತಿನ ಸಾವಿರಾರು ಕಚೇರಿಗಳಲ್ಲಿ ಕಟ್ಟಡದ ನಕ್ಷೆ ಬರೆಯುವವರು ಗೋಡೆಗೆ ಇಟ್ಟಿಗೆ, ನೆಲಕ್ಕೆ ಮರದ ಹಲಗೆ, ಅಂಗಳಕ್ಕೆ ಮರಳು ಎಂದು ತುಂಬುವ ಗೆರೆ-ಚುಕ್ಕಿಗಳೆಲ್ಲ ಹುಟ್ಟುವುದು ಈ ಅಂಕೆಗಳಿಂದಲೇ. ಅದರಲ್ಲಿ ‘ಎಆರ್-ಬಿ816’ ಎಂಬ ಹೆಸರಿನ ಕೆಳಗೆ ಎರಡೇ ಎರಡು ಸಾಲು ಇವೆ:

0, 0,0, 0,8
90, 0,0, 8,8, 8,-8

ಮೊದಲ ಸಾಲು ಹೇಳುವುದಿಷ್ಟು: ಸೊನ್ನೆ ಡಿಗ್ರಿಯಲ್ಲಿ, ಅಂದರೆ ಅಡ್ಡಕ್ಕೆ, ಒಂದು ಗೆರೆ ಎಳೆ, 8 ಇಂಚು ಬಿಟ್ಟು ಇನ್ನೊಂದು, ಮತ್ತೆ 8 ಇಂಚು ಬಿಟ್ಟು ಮತ್ತೊಂದು, ಹೀಗೆ ಕೊನೆಯಿಲ್ಲದೆ. ಎರಡನೆಯದು ಲಂಬದ ಗೆರೆ. 8 ಇಂಚು ಬರೆ, 8 ಇಂಚು ಬಿಡು. ಋಣಚಿಹ್ನೆ ಇದ್ದಲ್ಲಿ ಪೆನ್ನು ಮೇಲೆತ್ತು ಎಂದರ್ಥ. ಮುಂದಿನ ಗೆರೆಯನ್ನು 8 ಇಂಚು ಪಕ್ಕಕ್ಕೂ 8 ಇಂಚು ಮೇಲಕ್ಕೂ ಸರಿಸು. ಇಷ್ಟು ಮಾಡಿದರೆ 16 ಇಂಚು ಉದ್ದ, 8 ಇಂಚು ಎತ್ತರದ ಕಲ್ಲುಗಳು ಒಂದರ ಸಂದು ಇನ್ನೊಂದರ ನಡುವಿಗೆ ಬರುವಂತೆ ಕೂತ ಗೋಡೆ ಸಿದ್ಧ. ಎರಡು ಸಾಲಿನಲ್ಲಿ ಮುಗಿಯದ ಗೋಡೆ!

ನನಗೆ ಈ ಕಡತದ ಸಹವಾಸ ಬಿದ್ದದ್ದು ಇತಿಹಾಸದ ದಾರಿಯಿಂದ. ಕರಾವಳಿಯ ಹಂಚಿನ ಮನೆಗಳ ಮೇಲೆ ನನ್ನ ಸಂಶೋಧನೆ. ವಾಮಂಜೂರಿನಲ್ಲಿ ಕೋಣೆ ಮಾಡಿಕೊಂಡು, ಮೂಡುಬಿದಿರೆಗೆ ಹೋಗುವ ರಸ್ತೆಯ ಎಡಬಲಕ್ಕೂ ಗುರುಪುರ ಹೊಳೆಯ ಆಚೀಚೆಗೂ ಉಳಿದಿರುವ ಹಳೆಯ ಮನೆಗಳನ್ನು ಅಳೆದು ನಕ್ಷೆ ಮಾಡುವುದು ಅದರ ಒಂದು ಭಾಗ. ಅಳೆಯುವುದಕ್ಕೆ ಟೇಪು ಸಾಕು. ನಕ್ಷೆಗೆ ತಂತ್ರಾಂಶ ಬೇಕು. ನಕ್ಷೆಯಲ್ಲಿ ಮಾಡಿನ ಜಾಗ ಖಾಲಿ ಬಿಟ್ಟರೆ ಅದು ತಗಡೋ ಕಾಂಕ್ರೀಟೋ ಹುಲ್ಲೋ ಎಂದು ಗೊತ್ತಾಗುವುದಿಲ್ಲ. ಹಂಚು ಎಂದು ತೋರಿಸಬೇಕು. ಪಟ್ಟಿಯಲ್ಲಿ ಹುಡುಕಿದರೆ ಹಂಚು ಇಲ್ಲ. ಮಾಡಿಗೆಂದು ಇರುವ ‘ಎಆರ್-ಆರ್‌ರೂಫ್’ ಅಮೆರಿಕದ ಮನೆಗಳ ಮೇಲೆ ಮೊಳೆ ಹೊಡೆದು ಕೂರಿಸುವ ಶಿಂಗಲ್ ಎಂಬ ತುಂಡುಗಳದ್ದು. ಬರೀ ಅಡ್ಡಗೆರೆಗಳು, ಅಲ್ಲಲ್ಲಿ ಮುರಿದವು. ಇನ್ನೊಂದು ಮರದ ಸೀಳುಗಳ ಮಾಡಿಗೆ. ಮೂರನೆಯದು ಇಲ್ಲ.

ಇದರಲ್ಲಿ ಆಶ್ಚರ್ಯವೇನಿಲ್ಲ. ಆಟೊಡೆಸ್ಕ್ ಕಂಪನಿ ಹುಟ್ಟಿದ್ದು 1982ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಆ ವರ್ಷದ ಕೊನೆಗೇ ಆಟೊಕ್ಯಾಡ್ ಮಾರುಕಟ್ಟೆಗೆ ಬಂತು. ತಮ್ಮ ಸುತ್ತಮುತ್ತ ಕಂಡ ಗೋಡೆ, ಮಾಡುಗಳನ್ನೇ ಅವರು ಅಂಕೆಗೆ ಇಳಿಸಿದರು. 8 ಮತ್ತು 16 ಇಂಚು ಅಲ್ಲಿಯ ಕಾಂಕ್ರೀಟ್ ಬ್ಲಾಕಿನ ಅಳತೆ. ಮೀಟರಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗಾಗಿ ಇದೇ ಕಡತದ ಇನ್ನೊಂದು ಪ್ರತಿ ಇದೆ. ಅದರಲ್ಲಿ 8 ಇದ್ದಲ್ಲೆಲ್ಲ 203.2 ಎಂದಿದೆ. ಇಂಚನ್ನು 25.4ರಿಂದ ಗುಣಿಸಿ ಬಿಟ್ಟಿದ್ದಾರೆ, ಅಷ್ಟೆ. ಮಂಗಳೂರಿನ ಕೆಂಪುಕಲ್ಲಿನ ಗೋಡೆಗೆ ವಿದ್ಯಾರ್ಥಿಗಳು ಇದನ್ನೇ ಹಾಕುತ್ತಾರೆ. ಒಂದೊಂದು ಕೋರೆಯಲ್ಲಿ ಒಂದೊಂದು ಅಳತೆಗೆ ಕಡಿಯುವ ನಮ್ಮ ಮುರಕಲ್ಲು ನಕ್ಷೆಯಲ್ಲಿ ಮಾತ್ರ ಎಲ್ಲ ಕಡೆಯೂ 203.2 ಮಿ.ಮೀ. ಎತ್ತರ!

ಗೆರೆ ತುಂಬಿ ವಸ್ತುವನ್ನು ಸೂಚಿಸುವ ಪದ್ಧತಿ ಕಂಪ್ಯೂಟರಿಗಿಂತ ಬಹಳ ಹಳೆಯದು. ಅದು ಶುರುವಾದದ್ದು ಬಣ್ಣದ ಕೊರತೆಯಿಂದ. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕುವ ಕಾಲದಲ್ಲಿ ಕಪ್ಪು ಮಸಿಯೊಂದೇ ಗತಿ. ಯುರೋಪಿನ ಮನೆತನಗಳ ಲಾಂಛನದಲ್ಲಿರುವ ಕೆಂಪು, ನೀಲಿ, ಚಿನ್ನಗಳನ್ನು ತೋರಿಸುವುದು ಹೇಗೆ? ಸಿಲ್ವೆಸ್ಟರ್ ಪೆತ್ರಾ ಸಾಂಕ್ತಾ ಎಂಬ ಜೆಸ್ವಿಟ್ ಪಾದ್ರಿ 1638ರ ಪುಸ್ತಕದಲ್ಲಿ ಬಳಸಿದ ಪದ್ಧತಿ ನಿಂತುಹೋಯಿತು: ಲಂಬ ಗೆರೆ ಇದ್ದರೆ ಕೆಂಪು, ಅಡ್ಡ ಗೆರೆ ನೀಲಿ, ಚುಕ್ಕಿ ಇದ್ದರೆ ಚಿನ್ನ. ಕಟ್ಟಡದ ನಕ್ಷೆಗಳಲ್ಲೂ ಕಥೆ ಇದೇ. ಹಿಂದೆ ಕೈಯಲ್ಲಿ ಬರೆದ ನಕ್ಷೆಗಳಲ್ಲಿ ಇಟ್ಟಿಗೆಯ ಗೋಡೆಗೆ ಕೆಂಪು ನೀರುಬಣ್ಣ ಬಳಿಯುತ್ತಿದ್ದರು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿ ಪ್ರತಿಯ ವಿಧಾನ ಆ ಶತಮಾನದ ಕೊನೆಗೆ ಕಚೇರಿಗಳಿಗೆ ಬಂದಾಗ, ಬಣ್ಣ ಪ್ರತಿಯಲ್ಲಿ ಉಳಿಯುತ್ತಿರಲಿಲ್ಲ, ಗೆರೆ ಉಳಿಯುತ್ತಿತ್ತು. ಹಾಗಾಗಿ ಬಣ್ಣದ ಕೆಲಸವನ್ನು ಗೆರೆ ವಹಿಸಿಕೊಂಡಿತು. ಆಮೇಲೆ ಗೆರೆ-ಚುಕ್ಕಿಗಳನ್ನು ಮೊದಲೇ ಅಚ್ಚು ಹಾಕಿದ ಅಂಟುಹಾಳೆಗಳು ಬಂದವು. ಬ್ಲೇಡಿನಲ್ಲಿ ಕತ್ತರಿಸಿ ನಕ್ಷೆಯ ಮೇಲೆ ಒತ್ತಿದರಾಯಿತು. ಆಟೊಕ್ಯಾಡಿನ ಹ್ಯಾಚ್ ಆ ಅಂಟುಹಾಳೆಯ ಮೊಮ್ಮಗು.

ಇಲ್ಲೊಂದು ವಿಚಿತ್ರ ಇದೆ. ಆಟೊಕ್ಯಾಡಿನಲ್ಲಿ ಅತಿ ಹೆಚ್ಚು ಕಾಣಸಿಗುವ ‘ಆನ್ಸಿ31’ ಎಂಬ 45 ಡಿಗ್ರಿಯ ಓರೆಗೆರೆಯ ಮುಂದೆ ವಿವರಣೆ ಎಂದು ಬರೆದಿರುವುದು: ಕಬ್ಬಿಣ, ಇಟ್ಟಿಗೆ, ಕಲ್ಲುಕಟ್ಟಡ. ಮೂರಕ್ಕೂ ಒಂದೇ ಗೆರೆ. ಬರೆಯಲು ಸುಲಭವಾದ ಗೆರೆ ಬಹಳ ವಸ್ತುಗಳಿಗೆ ಹೆಸರಾಗಿಬಿಡುತ್ತದೆ. ಹೀಗಿರುವಾಗ ಹಂಚಿಗೂ ಒಂದು ಇದ್ದದ್ದರಲ್ಲೇ ಹೊಂದಿಸಿಕೊಳ್ಳಬಾರದೇ ಎಂದು ಕೇಳಬಹುದು. ನನ್ನ ಸ್ನೇಹಿತರು ಕೇಳಿದ್ದಾರೆ ಕೂಡ. ಹೊಸ ಮನೆಯ ನಕ್ಷೆಯಾದರೆ ಹೊಂದಿಸಿಕೊಳ್ಳಬಹುದು. ಮನೆ ಎದುರಿಗೇ ಏಳುತ್ತದೆ, ಮಾಡಿನಲ್ಲಿ ಏನಿದೆ ಎಂದು ಕತ್ತೆತ್ತಿ ನೋಡಿದರೆ ಗೊತ್ತಾಗುತ್ತದೆ. ನಾನು ಅಳೆಯುವ ಮನೆಗಳ ಸಂಗತಿ ಬೇರೆ. ಪಾಲು ಆಗಿ, ಇಲ್ಲವೇ ರಸ್ತೆ ಅಗಲವಾಗಿ, ಅಥವಾ ಮಕ್ಕಳೆಲ್ಲ ದುಬೈ-ಬೆಂಗಳೂರು ಎಂದು ಹೋಗಿ, ಇವುಗಳಲ್ಲಿ ಹಲವು ಮನೆಗಳು ಇನ್ನು ಹತ್ತು ವರ್ಷ ನಿಲ್ಲುವುದಿಲ್ಲ. ಆಗ ಉಳಿಯುವುದು ನಕ್ಷೆ. ಅದನ್ನು ನೋಡಿದವರು ಕರಾವಳಿಯ ಮಾಡಿನ ಮೇಲೆ ಶಿಂಗಲ್ ಇತ್ತು ಎಂದು ತಿಳಿದುಕೊಳ್ಳುವುದು ನನಗೆ ಬೇಡ.

ಹಂಚಿನ ಕಥೆಗೆ ಬರೋಣ. ಮಾಡಿಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಹಂಚನ್ನು ಆಲ್ಸೇಸಿನ ಆಲ್ಟ್‌ಕಿರ್ಷ್ ಊರಿನ ಗಿಲಾರ್ದೋನಿ ಸಹೋದರರು 1841ರಲ್ಲಿ ಮಾಡಿದರು. ಅದರ ಸಂತತಿ ಫ್ರಾನ್ಸಿನ ಮಾರ್ಸೇ ಹಂಚು. ಮಂಗಳೂರಿಗೆ ಬಾಸೆಲ್ ಮಿಶನ್ ಬಂದದ್ದು 1834ರಲ್ಲಿ. ಅವರ ಮುದ್ರಣಾಲಯದ ಕೆಲಸಕ್ಕೆಂದು ಬಂದ ಗೇಯೋರ್ಗ್ ಪ್ಲೆಬ್ಸ್ಟ್, ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಗಮನಿಸಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಮಣ್ಣು ಅರೆಯುವುದಕ್ಕೆ ಮೊದಮೊದಲು ಎತ್ತುಗಳೇ. ಅಚ್ಚಿನ ಮೊಳೆ ಜೋಡಿಸುವ ಲೋಕದಿಂದ ಬಂದವನು ಹಂಚಿನ ಅಚ್ಚಿಗೆ ಕೈಹಾಕಿದ್ದು ನನಗೆ ಕಾಕತಾಳೀಯ ಅನಿಸುವುದಿಲ್ಲ. ಎರಡರಲ್ಲೂ ಕೆಲಸ ಒಂದೇ: ಮಾದರಿಯೊಂದನ್ನು ಕರಾರುವಾಕ್ಕಾಗಿ ಮಾಡಿಟ್ಟುಕೊಂಡು ಅದರ ಸಾವಿರ ಪ್ರತಿ ತೆಗೆಯುವುದು.

ಮುಂದಿನ ದಶಕಗಳಲ್ಲಿ ನೇತ್ರಾವತಿ, ಗುರುಪುರ ಎರಡೂ ಹೊಳೆಗಳ ದಂಡೆಯಲ್ಲಿ ಕಾರ್ಖಾನೆಗಳ ಚಿಮಣಿ ಎದ್ದವು. ಊರಿನ ಉದ್ಯಮಿಗಳೂ ಇಳಿದರು. ಹಂಚು ಮಲಬಾರ್, ಬೊಂಬಾಯಿ, ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾ ಎಂದು ಹಡಗು ಹತ್ತಿತು. ಮೊದಲ ಮಹಾಯುದ್ಧದ ಹೊತ್ತಿಗೆ ಮಿಶನ್ನಿನ ಕಾರ್ಖಾನೆಗಳು ಸರಕಾರದ ಕೈಸೇರಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಈ ಭಾಗವನ್ನು ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ನನಗೆ ಇಲ್ಲಿ ಬೇಕಾದದ್ದು ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲೆ ಭಾರತೀಯ ಮಾನಕ ಸಂಸ್ಥೆ ಹಂಚಿಗೊಂದು ಮಾನದಂಡ ಮಾಡಿತು, ಐಎಸ್ 654. ಅದರ ಶೀರ್ಷಿಕೆಯಲ್ಲಿರುವ ಮಾತು ‘ಮ್ಯಾಂಗಳೂರ್ ಪ್ಯಾಟರ್ನ್’. ಹಂಚು ಎಲ್ಲಿ ಬೇಕಾದರೂ ಸುಡಿ, ಕೇರಳದಲ್ಲಿ ಸುಡಿ, ಗುಜರಾತಿನಲ್ಲಿ ಸುಡಿ, ಅದು ಮಂಗಳೂರು ಪ್ಯಾಟರ್ನು. ನಮ್ಮ ಊರಿನ ಹೆಸರೇ ಒಂದು ಪ್ಯಾಟರ್ನಿನ ಹೆಸರಾಗಿ ಸರಕಾರಿ ಕಾಗದದಲ್ಲಿದೆ. ತಂತ್ರಾಂಶದ ಪ್ಯಾಟರ್ನುಗಳ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಮಂಗಳೂರು ಹಂಚಿಗೆ ಮುಂಚೆ ಇಲ್ಲಿದ್ದದ್ದು ಮುಳಿಹುಲ್ಲು ಮತ್ತು ಕುಂಬಾರರು ಮಾಡುತ್ತಿದ್ದ ನಾಡಹಂಚು. ನಾಡಹಂಚನ್ನು ತಿಗರಿಯ ಮೇಲೆ ಕೊಳವೆಯಂತೆ ಎತ್ತಿ ಉದ್ದಕ್ಕೆ ಸೀಳುತ್ತಿದ್ದರು. ಒಂದರ ಹಾಗೆ ಇನ್ನೊಂದಿಲ್ಲ. ಅಂಥ ಮಾಡನ್ನು ಹೊದಿಸುವುದು ಕೈಯ ಅಂದಾಜಿನ ಕೆಲಸ. ಕಾರ್ಖಾನೆಯ ಹಂಚು ಬಂದದ್ದೇ ತಡ, ಮಾಡು ಎಣಿಸಲು ಬರುವ ವಸ್ತುವಾಯಿತು. ಹಂಚಿಗೆ ತಕ್ಕಂತೆ ರೀಪಿನ ಅಂತರ, ರೀಪಿಗೆ ತಕ್ಕಂತೆ ಪಕ್ಕಾಸಿನ ಉದ್ದ, ಅದಕ್ಕೆ ತಕ್ಕಂತೆ ಕೋಣೆಯ ಅಗಲ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಎಂಬ ಲೆಕ್ಕ ಇಂದಿಗೂ ಗುತ್ತಿಗೆದಾರರ ಬಾಯಲ್ಲಿದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಮೊದಲ ದೊಡ್ಡ ಪ್ರಯೋಗವಾದ ಸ್ಕೆಚ್‌ಪ್ಯಾಡನ್ನು ಐವಾನ್ ಸದರ್‌ಲ್ಯಾಂಡ್ 1963ರಲ್ಲಿ ಎಂಐಟಿಯಲ್ಲಿ ಪಿಎಚ್.ಡಿ.ಗಾಗಿ ಮಾಡಿದ. ಅದರ ಮುಖ್ಯ ಉಪಾಯವೇ ಇದು: ಮೂಲ ಆಕೃತಿ ಒಂದು, ಅದರ ಪ್ರತಿಗಳು ಹಲವು, ಮೂಲವನ್ನು ತಿದ್ದಿದರೆ ಪ್ರತಿಗಳೆಲ್ಲ ತಾವಾಗಿ ತಿದ್ದಿಕೊಳ್ಳುತ್ತವೆ. ಆತ ಕೊಟ್ಟ ಉದಾಹರಣೆ ಷಟ್ಕೋನಗಳ ಹಾಸು. ಮೂಲವನ್ನು ಕಮಾನು ಮಾಡಿದೊಡನೆ ಇಡೀ ಹಾಸು ಮೀನಿನ ಹುರುಪೆಯಂತಾಗುತ್ತದೆ. ಜೆಪ್ಪುವಿನ ಅಚ್ಚಿನಲ್ಲಿ ಪ್ಲೆಬ್ಸ್ಟ್ ಒಂದು ಏಣು ತಿದ್ದಿದ್ದರೆ ಮರುದಿನದಿಂದ ಬರುವ ಹಂಚುಗಳಲ್ಲೆಲ್ಲ ಆ ಏಣು ಬದಲಾಗುತ್ತಿತ್ತು. ನೂರು ವರ್ಷದ ಅಂತರದಲ್ಲಿ ಉಪಾಯ ಒಂದೇ. ಆದರೆ ಮಾಡಿನ ಮೇಲೆ ಆಗಲೇ ಕೂತ ಹಂಚು ತನ್ನಷ್ಟಕ್ಕೆ ತಿದ್ದಿಕೊಳ್ಳುವುದಿಲ್ಲ. ನಮ್ಮಂಥ ಇತಿಹಾಸದವರ ಅನ್ನ ಇರುವುದು ಅಲ್ಲೇ.

ಈಗ ಹಂಚನ್ನು ಅಂಕೆಗೆ ಇಳಿಸುವ ಕೆಲಸ. ಹಂಚಿನ ಪೂರ್ತಿ ಉದ್ದ 410 ಮಿ.ಮೀ. ಆಸುಪಾಸು. ಆದರೆ ಒಂದರ ಮೇಲೊಂದು ಏರಿ ಕೂರುವುದರಿಂದ ಹೊರಗೆ ಕಾಣುವುದು ಅಷ್ಟಿಲ್ಲ. ನಾನು ಅಳೆದ ಮಾಡುಗಳಲ್ಲಿ ರೀಪಿನಿಂದ ರೀಪಿಗೆ 320 ಮಿ.ಮೀ., ಅಡ್ಡಕ್ಕೆ ಹಂಚಿನಿಂದ ಹಂಚಿಗೆ 210 ಮಿ.ಮೀ. ಮೇಲಿನ ಹಂಚಿನ ಎಡ ಕಾಲುವೆ ಕೆಳಗಿನ ಹಂಚಿನ ಬಲ ಕಾಲುವೆಯ ಮೇಲೆ ಬರಬೇಕು, ಅಂದರೆ ಸಾಲು ಸಾಲಿಗೂ ಅರ್ಧ ಹಂಚು ಸರಿಯುತ್ತದೆ. ಮಾಡಿನ ಅಂಚಿನಲ್ಲಿ ಅರ್ಧ ಹಂಚು ಬೇಕಾಗುವುದು ಇದಕ್ಕೇ. ಇದನ್ನೆಲ್ಲ ಬರೆದರೆ:

0, 0,0, 0,320
90, 0,0, 320,105, 320,-320

ಅಮೆರಿಕದ ಬ್ಲಾಕಿನ ಗೋಡೆಯದೇ ವ್ಯಾಕರಣ, ಅಂಕೆ ಮಾತ್ರ ನಮ್ಮದು. ಇದನ್ನು ಒಂದು ಮನೆಯ ನಕ್ಷೆಗೆ ತುಂಬಿ, ಮುದ್ರಿಸಿ, ಗುರುಪುರದ ಕಡೆಯ ಒಬ್ಬ ಹಿರಿಯರಿಗೆ ತೋರಿಸಿದೆ. ನಲವತ್ತು ವರ್ಷ ಹಂಚು ಹೊದಿಸಿದವರು. ಕಾಗದವನ್ನು ದೂರ ಹಿಡಿದು ನೋಡಿ ಹೇಳಿದರು: “ಇದು ಹಂಚು ಅಲ್ಲ ಮಾರಾಯ್ರೆ, ಗೋಡೆಯನ್ನು ಮಲಗಿಸಿದ ಹಾಗೆ ಉಂಟು. ನೀರು ಎಲ್ಲಿಂದ ಹೋಗ್ತದೆ?”

ಮಾಡಿನ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ವಿಮರ್ಶೆ ಇದು. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಊರು ಮಂಗಳೂರು. ಹಂಚಿನ ಮೇಲಿನ ಏಣು, ತಗ್ಗು, ಬದಿಯ ಮಡಿಕೆ ಎಲ್ಲವೂ ನೀರಿಗೆ ದಾರಿ ತೋರಿಸಲೆಂದೇ ಇವೆ. ನೋಡುವವನ ಕಣ್ಣು ಹಿಡಿಯುವುದೂ ಮೇಲಿನಿಂದ ಕೆಳಗೆ ಇಳಿಯುವ ಈ ಕಾಲುವೆಗಳನ್ನೇ. ಅಡ್ಡ ಸಾಲು ಆಮೇಲೆ. ಇಟ್ಟಿಗೆಯ ಗೋಡೆಯಲ್ಲಿ ಇದು ತಿರುವುಮುರುವು. ಹಾಗಾಗಿ ಲಂಬದ ಗೆರೆಗಳನ್ನು ಸೇರಿಸಿದೆ: ಹಂಚಿನ ನಡುವಿನ ಏಣಿಗೆ ಒಂದು, ಎರಡು ಕಾಲುವೆಯ ಅಂಚುಗಳಿಗೆ ಒಂದೊಂದು. ಒಂದು ಸಾಲಿನ ಸಂದು ಮುಂದಿನ ಸಾಲಿನ ಏಣಿಗೆ ನೇರ ಬರುವುದರಿಂದ ಗೆರೆಗಳು ನೆತ್ತಿಯಿಂದ ಸೂರಿನವರೆಗೆ ಓಡುತ್ತವೆ. ಎರಡು ಸಾಲಿನ ಕಡತ ಐದು ಸಾಲಿನದಾಯಿತು, ಕಾಗದದ ಮೇಲೆ ನೀರು ಹರಿಯುವಂತಾಯಿತು.

ಇಷ್ಟಾದರೂ ಹಂಚಿನ ಕೆಳ ಅಂಚಿನ ಬಾಗು ಬರಲಿಲ್ಲ. ಬರುವುದೂ ಇಲ್ಲ. ಪ್ಯಾಟ್ ಕಡತಕ್ಕೆ ಗೊತ್ತಿರುವುದು ಸರಳರೇಖೆ ಮತ್ತು ಚುಕ್ಕಿ ಮಾತ್ರ. ಕಮಾನು ಬೇಕಿದ್ದರೆ ಅದನ್ನು ಸಣ್ಣ ಸಣ್ಣ ನೇರ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಒಂದು ಸಾಲು ಬರೆಯಬೇಕು. ಅಲ್ಲೂ ಒಂದು ತೊಡಕು. ಓರೆ ಗೆರೆ ಹಂಚಿನಿಂದ ಹಂಚಿಗೆ ಒಂದೇ ಜಾಗದಲ್ಲಿ ಬೀಳಬೇಕೆಂದರೆ ಅದರ ಏರು ಮತ್ತು ಓಟ ಹಂಚಿನ ಅಳತೆಯ ಲೆಕ್ಕಕ್ಕೆ ಕೂಡಿಬರಬೇಕು. ಚೌಕದ ಮೇಲೆ 45 ಡಿಗ್ರಿ ಕೂಡಿಬರುತ್ತದೆ, ಒಂದಕ್ಕೆ ಒಂದು. 30 ಡಿಗ್ರಿ ಎಂದೂ ಕೂಡಿಬರುವುದಿಲ್ಲ. ಅದರ ಏರು-ಓಟದ ಅನುಪಾತ ಭಿನ್ನರಾಶಿಗೆ ಸಿಕ್ಕದ ಸಂಖ್ಯೆ. ಹತ್ತಿರದ 26.565 ಡಿಗ್ರಿಗೆ, ಅಂದರೆ ಎರಡಕ್ಕೆ ಒಂದರ ಏರಿಗೆ, ರಾಜಿಯಾಗಬೇಕು. ಇಲ್ಲದಿದ್ದರೆ ಮೊದಲ ಹತ್ತು ಹಂಚು ಸರಿಯಿದ್ದು ನೂರನೆಯ ಹಂಚಿನ ಹೊತ್ತಿಗೆ ಗೆರೆಗಳು ಎತ್ತಲೋ ಜಾರಿರುತ್ತವೆ. ಚುಕ್ಕಿ ಇಟ್ಟು ರಂಗೋಲಿ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಳೆ ಚುಕ್ಕಿಯಿಂದ ಚುಕ್ಕಿಗೇ ಹೋಗಬೇಕು.

ಇನ್ನು ಇಳಿಜಾರಿನ ಲೆಕ್ಕ. ನಕ್ಷೆಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಮನೆಯ ಮಾಡು 30 ಡಿಗ್ರಿ ಇಳಿಜಾರಿನದು, ಪಕ್ಕಾಸಿನ ಉದ್ದ 6.4 ಮೀಟರ್, ಅಡ್ಡಕ್ಕೆ 10.5 ಮೀಟರ್ ಎಂದಿಟ್ಟುಕೊಳ್ಳಿ. 320 ಮಿ.ಮೀ.ನಂತೆ 20 ಸಾಲು, ಸಾಲಿಗೆ 50 ಹಂಚು, ಒಂದು ಪಾರ್ಶ್ವಕ್ಕೆ 1,000 ಹಂಚು. ಈಗ ಅದೇ ಮನೆಯನ್ನು ಎದುರಿನಿಂದ ನೋಡಿದಂತೆ ಬರೆಯಿರಿ. 6.4 ಮೀಟರಿನ ಮಾಡು ಎದುರು ನೋಟದಲ್ಲಿ 3.2 ಮೀಟರ್ ಎತ್ತರ ಮಾತ್ರ ಕಾಣುತ್ತದೆ. ಅದರೊಳಗೆ 320ರ ಹ್ಯಾಚ್ ತುಂಬಿದರೆ ಸಾಲು 10, ಹಂಚು 500. ಅರ್ಧ ಮಾಡು ನಕ್ಷೆಯಲ್ಲೇ ಹಾರಿಹೋಯಿತು! ಎದುರು ನೋಟಕ್ಕೆ 160 ಎಂದು, ಮೇಲಿನಿಂದ ನೋಡುವ ನಕ್ಷೆಗೆ 277 ಎಂದು ಬೇರೆ ಬೇರೆ ಕಡತ ಬರೆಯಬೇಕು. ಬೇರೆ ಇಳಿಜಾರಿನ ಮನೆಗೆ ಮತ್ತೆ ಬೇರೆ.

ಮೂರು ಆಯಾಮದಲ್ಲಿ ಕಟ್ಟಡ ಕಟ್ಟುವ ತಂತ್ರಾಂಶಗಳು ಬಂದ ಮೇಲೆ ಈ ರಗಳೆ ತಪ್ಪಿತು. 2000ದಲ್ಲಿ ಹೊರಬಂದು, 2002ರಲ್ಲಿ ಆಟೊಡೆಸ್ಕಿನ ಪಾಲಾದ ರೆವಿಟ್‌ನಲ್ಲಿ ಪ್ಯಾಟರ್ನುಗಳಿಗೆ ಎರಡು ಜಾತಿ. ಒಂದು ಡ್ರಾಫ್ಟಿಂಗ್ ಪ್ಯಾಟರ್ನ್: ಅದು ಕಾಗದಕ್ಕೆ ಸೇರಿದ್ದು, ನಕ್ಷೆಯನ್ನು ಎಷ್ಟು ಹಿಗ್ಗಿಸಿ ಕುಗ್ಗಿಸಿದರೂ ಗೆರೆಗಳ ನಡುವಿನ ಅಂತರ ಕಾಗದದ ಮೇಲೆ ಅಷ್ಟೇ ಇರುತ್ತದೆ. ಇನ್ನೊಂದು ಮಾಡೆಲ್ ಪ್ಯಾಟರ್ನ್: ಅದು ಕಟ್ಟಡಕ್ಕೆ ಸೇರಿದ್ದು, ಮಾಡಿನ ಮೇಲ್ಮೈಗೇ ಅಂಟಿಕೊಂಡು, ಮಾಡು ಓರೆಯಾದರೆ ತಾನೂ ಓರೆಯಾಗಿ, ದೂರ ಹೋದರೆ ಸಣ್ಣದಾಗುತ್ತದೆ. ಅದರ ಗೆರೆಯನ್ನು ಹಿಡಿದು ಸೂರಿನ ಅಂಚಿಗೆ ಸರಿಸಿ ಕೂರಿಸಬಹುದು, ಅದರಿಂದ ಅಳತೆ ಹಿಡಿಯಬಹುದು. ಪ್ಯಾಟ್ ಕಡತ ಅದೇ; ಮೇಲೊಂದು ಸಾಲಿನಲ್ಲಿ ಇದು ಯಾವ ಜಾತಿ, ಅಳತೆ ಇಂಚೋ ಮಿಲಿಮೀಟರೋ ಎಂದು ಬರೆಯಬೇಕು, ಅಷ್ಟೇ ವ್ಯತ್ಯಾಸ. ಒಂದು ಚಿಹ್ನೆ, ಇನ್ನೊಂದು ವಸ್ತು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಭೇದ ಬೇರೆ ಬೇರೆ ಹೆಸರಿನಲ್ಲಿ ಪರಿಚಿತವೇ ಇರುತ್ತದೆ. ನನ್ನ ಮಟ್ಟಿಗೆ ದಾಖಲೆಯ ಕೆಲಸಕ್ಕೆ ಎರಡನೆಯದೇ ಬೇಕು: ಮುಂದೆ ಯಾರೋ ನಕ್ಷೆ ತೆರೆದು ಹಂಚು ಎಣಿಸಿದರೆ 1,000 ಬರಬೇಕು.

ಗೆರೆ ಬೇಡ, ಫೋಟೊವನ್ನೇ ಹೊದಿಸೋಣ ಎನ್ನುವ ದಾರಿಯೂ ಇದೆ. ಬಾಗಿದ ಮೇಲ್ಮೈಗೆ ಚಿತ್ರ ಹೊದಿಸುವ ಗಣಿತವನ್ನು ಎಡ್ವಿನ್ ಕ್ಯಾಟ್‌ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯದ ಪಿಎಚ್.ಡಿ. ಪ್ರಬಂಧದಲ್ಲಿ ಕೊಟ್ಟ. (ಈ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡಿದವರೆಲ್ಲ ಲೋಕ ಬದಲಿಸಿಯೇ ಎದ್ದರು ಎಂಬುದು ನಮ್ಮಂಥವರಿಗೆ ಅಷ್ಟೇನೂ ನೆಮ್ಮದಿಯ ವಿಷಯವಲ್ಲ.) ವಾಮಂಜೂರಿನವರಿಗೆ ಇದರ ಉದಾಹರಣೆ ಮನೆ ಪಕ್ಕದಲ್ಲೇ ಇದೆ: ಪಿಲಿಕುಳದಲ್ಲಿ 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯದ ಗುಮ್ಮಟದ ಒಳಗೆ ಸೊಟ್ಟಗಾಗದ ಆಕಾಶ ಕಾಣುವುದು ಚಿತ್ರವನ್ನು ಮೊದಲೇ ಗುಮ್ಮಟಕ್ಕೆ ತಕ್ಕಂತೆ ಬಗ್ಗಿಸಿಟ್ಟಿರುವುದರಿಂದ.

ವಿದ್ಯಾರ್ಥಿಗಳು ಹೆಚ್ಚು ಬಳಸುವ ಸ್ಕೆಚ್‌ಅಪ್‌ನಲ್ಲಿ ಹಂಚಿನ ಚಿತ್ರವೊಂದನ್ನು ಕೊಟ್ಟು ಅದರ ಅಗಲ ಇಷ್ಟು, ಎತ್ತರ ಇಷ್ಟು ಎಂದು ಹೇಳಿದರೆ ಮಾಡಿನ ತುಂಬ ಅದನ್ನೇ ಮತ್ತೆ ಮತ್ತೆ ಹಾಸುತ್ತದೆ. ಪಿಲಿಕುಳದ ಗುತ್ತುಮನೆಯನ್ನು ನೋಡಿಬಂದ ವಿದ್ಯಾರ್ಥಿಯೊಬ್ಬ ಅದರ ಮಾದರಿ ಮಾಡಿ ತೋರಿಸಿದ. ಕಂಬದ ಕೆತ್ತನೆಗೆ ಬಹಳ ಶ್ರಮಪಟ್ಟಿದ್ದ. ಮಾಡಿನ ಮೇಲೆ ಮಾತ್ರ ಎಂಟು ಹಂಚಿಗೊಮ್ಮೆ ಪಾಚಿಯ ಒಂದೇ ಕಲೆ, ಒಂದೇ ಮೂಲೆ ಒಡೆದ ಹಂಚು. ಮಾಡಿಗೆ ಸಿಡುಬು ಎದ್ದ ಹಾಗಿತ್ತು. ಚಿತ್ರದ ನಾಲ್ಕು ಅಂಚು ಒಂದಕ್ಕೊಂದು ಬೆಸೆಯುವಂತೆ ತಿದ್ದಬೇಕು, ಕಣ್ಣಿಗೆ ಬೀಳುವ ಕಲೆಗಳನ್ನು ಅಳಿಸಬೇಕು, ಸಾಧ್ಯವಾದಷ್ಟು ದೊಡ್ಡ ಭಾಗದ ಫೋಟೊ ತೆಗೆಯಬೇಕು, ಬಿಸಿಲು ಇಲ್ಲದ ಮೋಡದ ದಿನ ತೆಗೆಯಬೇಕು. ಕೊನೆಯದು ಮುಖ್ಯ. ಬಿಸಿಲಲ್ಲಿ ತೆಗೆದ ಫೋಟೊದ ಏಣುಗಳ ನೆರಳು ಒಂದೇ ಬದಿಗೆ ಇರುತ್ತದೆ. ಮಾಡಿನ ಪೂರ್ವದ ಪಾರ್ಶ್ವಕ್ಕೂ ಪಶ್ಚಿಮಕ್ಕೂ ಅದನ್ನೇ ಹೊದಿಸಿದರೆ ಮನೆಗೆ ಎರಡು ಸೂರ್ಯ.

ಎಷ್ಟು ತಿದ್ದಿದರೂ ಫೋಟೊದಲ್ಲಿ ಬರದ ಒಂದು ಇದೆ, ಹಂಚಿನ ಹೊಟ್ಟೆ. ಅಲ್ಲಿ ಕಾರ್ಖಾನೆಯ ಹೆಸರು, ಊರು, ಕೆಲವದರಲ್ಲಿ ಪ್ರಾಣಿಯ ಮುದ್ರೆ ಒತ್ತಿರುತ್ತಾರೆ. ಅಟ್ಟದಲ್ಲಿ ಮಲಗಿದವರು ಕತ್ತೆತ್ತಿದರೆ ಓದಬಹುದಾದ ಬರಹ. ಹೊರಗಿನಿಂದ ಒಂದೇ ಥರ ಕಾಣುವ ಮಾಡು ಒಳಗಿನಿಂದ ನೋಡಿದರೆ ನಾಲ್ಕಾರು ಕಾರ್ಖಾನೆಗಳ ಹಂಚಿನದಾಗಿರುತ್ತದೆ; ಪ್ರತಿ ಮಳೆಗಾಲದ ಮುಂಚಿನ ರಿಪೇರಿಯೂ ಅಲ್ಲಿ ತನ್ನ ಗುರುತು ಬಿಟ್ಟಿರುತ್ತದೆ. ಹಾಗಾಗಿ ನಾನು ಮಾಡಿಗೆ ಎರಡು ಮೇಲ್ಮೈ ಬರೆಯುತ್ತೇನೆ. ಹೊರಗಿನದಕ್ಕೆ ಐದು ಸಾಲಿನ ಪ್ಯಾಟರ್ನು. ಒಳಗಿನದಕ್ಕೆ ಪ್ಯಾಟರ್ನು ಇಲ್ಲ. ಹಂಚು ಹಂಚಿಗೂ ಬೇರೆ ಬಣ್ಣ ಕೊಟ್ಟು ಯಾವುದು ಯಾವ ಕಾರ್ಖಾನೆಯದು ಎಂದು ಗುರುತಿಸುವುದು. ಒಂದು ಮನೆಗೆ ವಾರಗಟ್ಟಲೆ ಹಿಡಿಯುತ್ತದೆ. ಗಾಜಿನ ಹಂಚಿನ ಬೆಳಕಿದ್ದರೆ ಪುಣ್ಯ.

ಈಗ ಮಂಗಳೂರಿನ ಸುತ್ತ ಹಲವು ಹಂಚಿನ ಕಾರ್ಖಾನೆಗಳು ಮುಚ್ಚಿವೆ. ಮಣ್ಣು ಸಿಗುವುದು ಕಷ್ಟ, ಕೆಲಸಕ್ಕೆ ಜನ ಕಷ್ಟ, ಮನೆಗಳೆಲ್ಲ ತಾರಸಿ. ತಾರಸಿ ಸೋರತೊಡಗಿದ ಮೇಲೆ ಅದರ ಮೇಲೊಂದು ಶೀಟಿನ ಮಾಡು ಏಳುತ್ತದೆ. ಆ ಶೀಟುಗಳಲ್ಲಿ ಹಂಚಿನ ಆಕಾರ ಒತ್ತಿ ಕೆಂಪು ಬಣ್ಣ ಬಳಿದವೂ ಇವೆ. ಕಾಲುವೆ, ಏಣು, ಸಾಲಿನ ಮೆಟ್ಟಿಲು ಎಲ್ಲ ಇದೆ. ಸಂದು ಮಾತ್ರ ಇಲ್ಲ. ಒಂದು ಹಂಚು ಒಡೆದರೆ ಒಂದನ್ನೇ ಬದಲಿಸುವ ಅನುಕೂಲವೂ ಇಲ್ಲ, ಸಂದಿನಿಂದ ಅಡುಗೆಮನೆಯ ಹೊಗೆ ಹೋಗುವುದೂ ಇಲ್ಲ. ತಂತ್ರಾಂಶದಲ್ಲಿ ಚಪ್ಪಟೆ ಮುಖದ ಮೇಲೆ ಹಂಚಿನ ಚಿತ್ರ ಹೊದಿಸುತ್ತಿದ್ದೆವಲ್ಲ, ಅದೇ ಕೆಲಸ ಈಗ ತಗಡಿನ ಮೇಲೆ ನಡೆಯುತ್ತಿದೆ. ನಾನು ಇದನ್ನು ಹಳಿಯಲು ಹೋಗುವುದಿಲ್ಲ. ಮಳೆಗೆ ಸೋರದ ಮನೆ ಎಲ್ಲರಿಗೂ ಬೇಕು. ಆದರೆ ನಕ್ಷೆಯಲ್ಲಿ ಈ ಶೀಟಿಗೂ ಹಂಚಿಗೂ ಒಂದೇ ಪ್ಯಾಟರ್ನು ಹಾಕುವುದಿಲ್ಲ. ಶೀಟಿನದ್ದರಲ್ಲಿ ಲಂಬದ ಸಂದನ್ನು ತೆಗೆದಿದ್ದೇನೆ, ಸಾಲುಗಳನ್ನು ಅರ್ಧಕ್ಕೆ ಸರಿಸುವ 105 ಕೂಡ ಇಲ್ಲ.

ನನ್ನ ಕಡತವನ್ನು ಕೇಳಿದವರಿಗೆಲ್ಲ ಕೊಡುತ್ತೇನೆ. ಪ್ಯಾಟರ್ನಿನ ಹೆಸರಿನ ಮುಂದೆ ಅಲ್ಪವಿರಾಮ ಹಾಕಿ ಒಂದು ಸಾಲು ವಿವರಣೆ ಬರೆಯಲು ಅವಕಾಶವಿದೆ. ಅಲ್ಲಿ ಯಾವ ಊರಿನ ಮಾಡಿನಲ್ಲಿ ಅಳೆದದ್ದು, ಯಾವ ವರ್ಷ ಎಂದು ಬರೆಯುತ್ತೇನೆ. ತೆಗೆದುಕೊಂಡ ಒಬ್ಬ ವಿದ್ಯಾರ್ಥಿನಿ ನಾಡಹಂಚಿನದ್ದೂ ಒಂದು ಮಾಡಿಕೊಡಿ ಎಂದಳು. ಒಂದರ ಹಾಗೆ ಇನ್ನೊಂದಿಲ್ಲದ ಹಂಚಿಗೆ ಮಾದರಿ ಎಲ್ಲಿಂದ ತರುವುದು? ಹಳೆಯ ಕಡತದಲ್ಲೇ ಒಂದು ಸುಳಿವು ಇದೆ. ಮರಳಿಗೆಂದು ಇರುವ ‘ಎಆರ್-ಸ್ಯಾಂಡ್’ನಲ್ಲಿ ನಾಲ್ಕೇ ಸಾಲು. ಬರೆಯುವ ಉದ್ದ 0 ಎಂದಿದ್ದರೆ ಚುಕ್ಕಿ ಬೀಳುತ್ತದೆ. ಆ ಚುಕ್ಕಿಗಳ ಗೆರೆಗಳನ್ನು 37.5, 7.5 ಹೀಗೆ ಒಂದಕ್ಕೊಂದು ಹೊಂದದ ಕೋನಗಳಲ್ಲಿ, ಸುಲಭಕ್ಕೆ ಭಾಗವಾಗದ ಅಂತರಗಳಲ್ಲಿ ಇಟ್ಟಿದ್ದಾರೆ. ಗೆರೆಗಳು ಎತ್ತಲೋ ಜಾರುವ ದೋಷವನ್ನೇ ಅಲ್ಲಿ ಕೆಲಸಕ್ಕೆ ಹಚ್ಚಿದ್ದಾರೆ. ಮತ್ತೆ ಮತ್ತೆ ಬರುತ್ತಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ನಾಡಹಂಚಿಗೂ ಹೀಗೆ ಮಾಡಬಹುದೇನೋ. ಅದಕ್ಕೆ ಮೊದಲು ಹಂಚಿನಿಂದ ಹಂಚಿಗೆ ಅಗಲ ಎಷ್ಟರಿಂದ ಎಷ್ಟರವರೆಗೆ ಬದಲಾಗುತ್ತದೆ ಎಂದು ತಿಳಿಯಬೇಕು. ಒಂದು ಹಳೆಯ ಹಟ್ಟಿಯ ಮಾಡು ಇಳಿಸುವವರಿದ್ದಾರೆ, ಮಳೆಗಾಲಕ್ಕೆ ಮುಂಚೆ. ಹಂಚನ್ನು ಅಂಗಳದಲ್ಲಿ ಸಾಲಾಗಿ ಇಟ್ಟರೆ ಎರಡು ದಿನ ಹಾಗೇ ಬಿಡುತ್ತೇವೆ ಎಂದಿದ್ದಾರೆ.